ಜನಸಂದಣಿಯ ಕುಣಿತಕ್ಕೆ ನೆಲ ನಡುಗುವುದೇಕೆ?

ನವಲಗುಂದದಲ್ಲಿ ಹೋಳಿಯ ಕಾಲಕ್ಕೆ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಜನ ನೆರೆದಾಗ, ಊರೂರಿನ ಜಾತ್ರೆಗಳಲ್ಲಿ ತೇರು ಹೊರಟಾಗ, ಕುಸ್ತಿಯ ಕಣದಲ್ಲಿ ಮೆಚ್ಚಿನ ಪೈಲವಾನನು ಎದುರಾಳಿಯನ್ನು ಚಿತ್ತು ಮಾಡಿದಾಗ, “ನೆಲಾ ನಡುಗಿತು ನೋಡ್ರಿ” ಎಂದು ಧಾರವಾಡ ಸೀಮೆಯವರು ಹೇಳುವುದುಂಟು. ದಂಡು ನಡೆದರೆ ಭೂಮಿ ಕಂಪಿಸುವುದನ್ನು ನಮ್ಮ ಹಳೆಯ ಕವಿಗಳೂ ಬಣ್ಣಿಸಿದ್ದಾರೆ. ಆದಿಕವಿ ಪಂಪನ ಹೆಸರಿನೊಡನೆ ಬೆಸೆದುಕೊಂಡಿರುವ ಅಣ್ಣಿಗೇರಿಯ ವಿದ್ಯಾರ್ಥಿಗಳಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಇಂಥ ಮಾತುಗಳನ್ನು ನಾವು ಸಾಮಾನ್ಯವಾಗಿ ಅತಿಶಯೋಕ್ತಿಯ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತೇವೆ. ಆದರೆ ಭೂಕಂಪಮಾಪಕವೆಂಬ ಯಂತ್ರಕ್ಕೆ ಅಲಂಕಾರಶಾಸ್ತ್ರ ತಿಳಿಯದು. ನೆಲವು ಮಿಲಿಮೀಟರಿನ ಸಾವಿರದೊಂದು ಪಾಲಿನಷ್ಟು ಅಲುಗಿದರೂ ಅದು ಗೆರೆ ಎಳೆದು ತೋರಿಸುತ್ತದೆ. ಈಚಿನ ವರ್ಷಗಳಲ್ಲಿ ಆ ಯಂತ್ರವು ಕೊಟ್ಟಿರುವ ಸಾಕ್ಷ್ಯವು ನಮ್ಮ ಜನರ ಮಾತಿನ ಪರವಾಗಿಯೇ ಇದೆ.

2011ನೆಯ ಇಸವಿಯ ಜನವರಿ 8ರಂದು ಅಮೆರಿಕದ ಸಿಯಾಟಲ್ ನಗರದಲ್ಲಿ ಅಲ್ಲಿನ ಪದ್ಧತಿಯ ಫುಟ್‌ಬಾಲ್ ಪಂದ್ಯವೊಂದು ನಡೆಯಿತು. ಮಾರ್ಶಾನ್ ಲಿಂಚ್ ಎಂಬ ಆಟಗಾರನು ಎದುರಾಳಿಗಳನ್ನೆಲ್ಲ ಕೊಡವಿಕೊಂಡು ಓಡಿ ಅಂಕ ಗಳಿಸಿದ ಆ ಕ್ಷಣದಲ್ಲಿ ಕ್ರೀಡಾಂಗಣದ ಹತ್ತಿರವಿದ್ದ ಭೂಕಂಪಮಾಪಕದ ಗೆರೆ ಕುಣಿಯತೊಡಗಿತು. ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಭೂವಿಜ್ಞಾನ ಸಂಸ್ಥೆಯೊಂದರ ಕಂಪನಮಾಪಕವು ‘ಕ್ಯಾಂಪ್ ನೌ’ ಎಂಬ ಪ್ರಸಿದ್ಧ ಕಾಲ್ಚೆಂಡಿನ ಕ್ರೀಡಾಂಗಣದಿಂದ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿತ್ತು. ಅದರ ದಾಖಲೆಯನ್ನು ನೋಡಿ, ಆಟವನ್ನು ಕಾಣದೆಯೇ, ಗೋಲುಗಳು ಯಾವಾಗ ಬಿದ್ದುವೆಂದು ಹೇಳಬಹುದಾಗಿತ್ತು. 2017ನೆಯ ಮಾರ್ಚ್ 8ರಂದು ಬಾರ್ಸಿಲೋನಾ ತಂಡವು ಪ್ಯಾರಿಸ್ ತಂಡದ ಮೇಲೆ ಕಟ್ಟಕಡೆಯ ಗಳಿಗೆಯಲ್ಲಿ ಆರನೆಯ ಗೋಲು ಹೊಡೆದಾಗ ಮೂಡಿದ ಗುರುತು ಎಲ್ಲರ ಗಮನವನ್ನೂ ಸೆಳೆಯಿತು.

ಇದಕ್ಕಿಂತ ಸ್ವಾರಸ್ಯವಾದುದು ಆಫ್ರಿಕದ ಕ್ಯಾಮರೂನ್ ದೇಶದ ಪ್ರಸಂಗ. ಅಲ್ಲಿನ ಭೂಗರ್ಭರಚನೆಯನ್ನು ಅರಿಯಲು ವಿಜ್ಞಾನಿಗಳು 2005ರಿಂದ ಎರಡು ವರ್ಷ ಹಲವೆಡೆ ಭೂಕಂಪಮಾಪಕಗಳನ್ನು ಹೂಳಿಟ್ಟಿದ್ದರು. 2006ರ ಆರಂಭದಲ್ಲಿ ಆಫ್ರಿಕದ ರಾಷ್ಟ್ರಗಳ ಕಾಲ್ಚೆಂಡಿನ ಪಂದ್ಯಾವಳಿ ನಡೆಯಿತು. ಅದು ನಡೆದದ್ದು ದೂರದ ಈಜಿಪ್ಟಿನಲ್ಲಿ. ಆದರೂ ಕ್ಯಾಮರೂನಿನ ಪಟ್ಟಣಗಳ ಸಮೀಪದ ಯಂತ್ರಗಳಲ್ಲಿ, ತಮ್ಮ ತಂಡ ಗೋಲು ಹೊಡೆದ ಹೊತ್ತಿಗೆ ಸರಿಯಾಗಿ, ಕಂಪನಗಳು ಮೂಡಿದ್ದುವು! ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ದೂರದರ್ಶನದ ಮುಂದೆ ಕುಳಿತಿದ್ದ ಜನ ಏಕಕಾಲಕ್ಕೆ ಎದ್ದು ಕುಣಿದದ್ದೇ ಇದಕ್ಕೆ ಕಾರಣ. ನೆಲ ನಡುಗಲು ಕ್ರೀಡಾಂಗಣವೇ ಬೇಕೆಂದಿಲ್ಲ, ಜನರೆಲ್ಲ ಒಂದೇ ಹೊತ್ತಿಗೆ ಅಲುಗಿದರೆ ಸಾಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು.

ಇಂಥ ಸುದ್ದಿಗಳು ಬಂದಾಗ ಪತ್ರಿಕೆಗಳು “ಪ್ರೇಕ್ಷಕರಿಂದ ಭೂಕಂಪ” ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕುತ್ತವೆ. ಇದು ಎಷ್ಟರಮಟ್ಟಿಗೆ ಸರಿ? ಒಂದು ಚಿಕ್ಕ ಲೆಕ್ಕ ಮಾಡಿ ನೋಡೋಣ. 60 ಕಿಲೋಗ್ರಾಂ ತೂಕದ ಒಬ್ಬನು ಹತ್ತು ಸೆಂಟಿಮೀಟರ್ ಎತ್ತರ ಜಿಗಿದನೆಂದು ಇಟ್ಟುಕೊಳ್ಳೋಣ. ರಾಶಿ, ಗುರುತ್ವ ಮತ್ತು ಎತ್ತರಗಳನ್ನು ಗುಣಿಸಿದರೆ ಅವನು ನೆಲಕ್ಕೆ ಮರಳಿ ತರುವ ಶಕ್ತಿ ಸುಮಾರು 59 ಜೂಲ್. ಒಂದು ಲಕ್ಷ ಜನ ಒಮ್ಮೆ ಜಿಗಿದರೆ 59 ಲಕ್ಷ ಜೂಲ್. ಇದೇನೂ ಸಣ್ಣ ಮೊತ್ತವಲ್ಲವೆಂದು ತೋರಬಹುದು. ಈಗ 1993ನೆಯ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಆದ ಭೂಕಂಪವನ್ನು ನೆನೆಯಿರಿ. ಹತ್ತು ಸಾವಿರದಷ್ಟು ಜನರನ್ನು ಬಲಿ ತೆಗೆದುಕೊಂಡ ಅದರ ಪ್ರಮಾಣ 6.2. ಭೂಕಂಪಶಾಸ್ತ್ರಜ್ಞರ ಸೂತ್ರದಂತೆ ಇಷ್ಟು ಪ್ರಮಾಣದ ಕಂಪನದ ಅಲೆಗಳಲ್ಲಿ ಹೊಮ್ಮುವ ಶಕ್ತಿ, ಒಂದರ ಮುಂದೆ ಹದಿನಾಲ್ಕು ಸೊನ್ನೆಗಳನ್ನು ಇಟ್ಟರೆ ಆಗುವ ಸಂಖ್ಯೆಗಿಂತ ತುಸು ಹೆಚ್ಚು ಜೂಲ್‌ಗಳು. ಅಂದರೆ ನಮ್ಮ ಲಕ್ಷ ಜನ ಸೆಕೆಂಡಿಗೆ ಎರಡು ಸಲದಂತೆ, ಊಟ ನಿದ್ರೆಗಳಿಲ್ಲದೆ, ಸುಮಾರು ನಾಲ್ಕು ತಿಂಗಳು ಜಿಗಿಯುತ್ತಲೇ ಇದ್ದರೆ ಕಿಲ್ಲಾರಿಯಲ್ಲಿ ಕೆಲವೇ ಕ್ಷಣಗಳಲ್ಲಿ ಹೊಮ್ಮಿದ ಶಕ್ತಿಗೆ ಸಮನಾದೀತು. ಅದೂ ಜಿಗಿತದ ಶಕ್ತಿಯೆಲ್ಲ ಅಲೆಗಳಾಗಿ ಮಾರ್ಪಟ್ಟರೆ! ವಾಸ್ತವವಾಗಿ ಅದರ ಬಹುಪಾಲು ಮಂಡಿಯ ಸ್ನಾಯುಗಳಲ್ಲಿಯೂ ಚಪ್ಪಲಿಯ ಅಟ್ಟೆಯಲ್ಲಿಯೂ ಕಾಲಡಿಯ ಮಣ್ಣಿನಲ್ಲಿಯೂ ಶಾಖವಾಗಿ ಕರಗಿಹೋಗುತ್ತದೆ. ಅಲೆಯಾಗಿ ಹೊರಡುವುದು ಅತ್ಯಲ್ಪ.

ಇನ್ನೊಂದು ಭೇದವೂ ಉಂಟು. ಭೂಕಂಪವು ಕಿಲೋಮೀಟರುಗಟ್ಟಲೆ ಆಳದ ಬಂಡೆ ಸೀಳಿ ಜಾರುವುದರಿಂದ ಹುಟ್ಟುತ್ತದೆ. ಜನರ ಕುಣಿತವು ನೆಲದ ಮೈಮೇಲೆಯೇ ಬಡಿಯುತ್ತದೆ. ಹೀಗೆ ಮೇಲಿನಿಂದ ಬಡಿದಾಗ, ಹೊರಡುವ ಅಲೆಗಳ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮೇಲ್ಮೈ ತರಂಗಗಳಾಗಿ ಹರಡುವುದೆಂದು ಗಣಿತದಿಂದ ತೋರಿಸಿದ್ದಾರೆ. ಆಂಗ್ಲ ವಿಜ್ಞಾನಿ ಲಾರ್ಡ್ ರೇಲಿಯವರು 1885ರಲ್ಲಿಯೇ ಈ ತರಂಗಗಳನ್ನು ಲೆಕ್ಕದಿಂದ ಕಂಡುಹಿಡಿದಿದ್ದರು. ಕೆರೆಗೆ ಕಲ್ಲೆಸೆದಾಗ ಏಳುವ ಬಳೆಗಳಂತೆ ಇವು ನೆಲದ ಮೈಯನ್ನೇ ಹಿಡಿದು ಸಾಗುತ್ತ ಬೇಗನೆ ಕ್ಷೀಣಿಸುತ್ತವೆ. ಆದ್ದರಿಂದ ಗೋಲಿನ ಸಂಭ್ರಮಕ್ಕೆ “ಇಷ್ಟು ಪ್ರಮಾಣದ ಭೂಕಂಪ” ಎಂದು ಅಂಕಿ ಹಚ್ಚುವುದು ನಮ್ಮ ಅಭಿಪ್ರಾಯದಲ್ಲಿ ತಮಾಷೆಗೆ ಸರಿ, ಶಾಸ್ತ್ರಕ್ಕೆ ಸರಿಯಲ್ಲ.

ಶಕ್ತಿ ಇಷ್ಟು ಕಡಿಮೆಯಾಗಿದ್ದೂ ನೆಲ ಅಲುಗುವುದು ಹೇಗೆ? ಜನರ ತೂಕವೇ ಕಾರಣವೆಂದು ಹಲವರು ಭಾವಿಸುತ್ತಾರೆ. ಸುಮ್ಮನೆ ನಿಂತ ಲಕ್ಷ ಜನ ನೆಲವನ್ನು ಒತ್ತುತ್ತಾರೆಯೇ ಹೊರತು ಅಲುಗಿಸುವುದಿಲ್ಲ. ಸಂತೆಯಲ್ಲಿ ಸಾವಿರಾರು ಜನ ಓಡಾಡಿದರೂ ನೆಲ ನಡುಗಿದ ಅನುಭವವಾಗದು. ಸಂತೆಯಲ್ಲಿ ಒಬ್ಬನು ಕಾಲೂರುವಾಗ ಇನ್ನೊಬ್ಬನು ಕಾಲೆತ್ತುತ್ತಾನೆ. ಒಬ್ಬನ ಅಲೆಯ ಉಬ್ಬಿಗೆ ಇನ್ನೊಬ್ಬನ ಅಲೆಯ ತಗ್ಗು ಎದುರಾಗಿ ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಹೀಗೆ ಕ್ರಮವಿಲ್ಲದೆ ಕೂಡಿದ ಅಲೆಗಳ ಒಟ್ಟು ಎತ್ತರವು ಜನರ ಸಂಖ್ಯೆಯ ವರ್ಗಮೂಲದಷ್ಟು ಮಾತ್ರ ಬೆಳೆಯುವುದೆಂದು ಗಣಿತ ಹೇಳುತ್ತದೆ. ಹತ್ತು ಸಾವಿರ ಜನ ಮನಬಂದಂತೆ ಜಿಗಿದರೆ ನೆಲದ ಅಲುಗಾಟವು ಒಬ್ಬನ ಜಿಗಿತದ ನೂರರಷ್ಟು. ಅದೇ ಹತ್ತು ಸಾವಿರ ಜನ ಒಟ್ಟಿಗೆ ಜಿಗಿದರೆ ಹತ್ತು ಸಾವಿರದಷ್ಟು! ಜನ ಹೆಚ್ಚಲಿಲ್ಲ, ತೂಕ ಹೆಚ್ಚಲಿಲ್ಲ. ಹೊತ್ತು ಕೂಡಿತು, ಅಷ್ಟೆ.

ಆದರೆ ಹೊತ್ತು ಕೂಡುವುದು ಹೇಳಿದಷ್ಟು ಸುಲಭವಲ್ಲ. ಹೋಳಿಯ ಮೆರವಣಿಗೆಯಲ್ಲಿ ಜಗ್ಗಲಗಿಯ ಪೆಟ್ಟಿಗೆ ಜನ ಕುಣಿಯುವುದನ್ನು ಊಹಿಸಿಕೊಳ್ಳಿ. ಸೆಕೆಂಡಿಗೆ ಎರಡು ಪೆಟ್ಟು ಬೀಳುತ್ತಿವೆಯೆನ್ನೋಣ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಜಗ್ಗಲಗಿಯಿಂದ 85 ಮೀಟರ್ ದೂರದಲ್ಲಿರುವವನಿಗೆ ಪೆಟ್ಟು ಕೇಳುವುದು ಕಾಲು ಸೆಕೆಂಡು ತಡವಾಗಿ. ಕುಣಿತದ ಒಂದು ಆವರ್ತಕ್ಕೆ ಅರ್ಧ ಸೆಕೆಂಡು ಬೇಕು. ಆದಕಾರಣ ಹತ್ತಿರದವನು ನೆಲಕ್ಕೆ ಬೀಳುವ ಹೊತ್ತಿಗೆ ಈ ದೂರದವನು ಗಾಳಿಯಲ್ಲಿರುತ್ತಾನೆ! ಇಬ್ಬರೂ ತಾಳಕ್ಕೆ ಸರಿಯಾಗಿಯೇ ಕುಣಿಯುತ್ತಿದ್ದಾರೆ, ಆದರೂ ಒಬ್ಬನ ದುಡಿಮೆಯನ್ನು ಇನ್ನೊಬ್ಬನು ಕೆಡಿಸುತ್ತಿದ್ದಾನೆ. ಉದ್ದನೆಯ ಮೆರವಣಿಗೆಯಲ್ಲಿ ನೆಲದ ನಡುಕವು ವಾದ್ಯದ ಸುತ್ತಮುತ್ತಲೇ ಹೆಚ್ಚಾಗಿ ತಿಳಿಯುವುದಕ್ಕೆ ಇದೂ ಒಂದು ಕಾರಣ. ಗೋಲು ಬೀಳುವುದನ್ನಾದರೋ ಜನ ಕಿವಿಯಿಂದಲ್ಲ, ಕಣ್ಣಿನಿಂದ ತಿಳಿಯುತ್ತಾರೆ. ಬೆಳಕಿನ ವೇಗದ ಮುಂದೆ ಕ್ರೀಡಾಂಗಣದ ಉದ್ದ ಯಾವ ಲೆಕ್ಕಕ್ಕೂ ಇಲ್ಲ. ಅಂಗಣದ ನಾಲ್ಕು ಕಡೆಯವರೂ ಒಂದೇ ಕ್ಷಣಕ್ಕೆ ಎದ್ದು ನಿಲ್ಲುವುದರಿಂದ ಯಂತ್ರದ ಗೆರೆಯಲ್ಲಿ ಹಠಾತ್ತನೆ ಒಂದು ಗಡ್ಡೆ ಕಟ್ಟುತ್ತದೆ. ಸಂಗೀತ ಕಚೇರಿಯ ಗೆರೆಯೇ ಬೇರೆ. ಅಲ್ಲಿ ತಾಳದ ಲಯವೇ ನೆಲಕ್ಕೆ ಇಳಿದು ಹಾಡು ಮುಗಿಯುವವರೆಗೂ ಸಮವಾಗಿ ಓಡುತ್ತದೆ. ಕ್ಯಾಂಪ್ ನೌದಲ್ಲಿ 2016ರ ಮೇ ತಿಂಗಳಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಅಮೆರಿಕದ ಗಾಯಕನ ಕಚೇರಿ ನಡೆದಾಗ ವಿಜ್ಞಾನಿಗಳು ಇದನ್ನು ಸ್ಪಷ್ಟವಾಗಿ ಕಂಡರು.

ಈ ಗಾಯಕನ ಹೆಸರು ಭೂಕಂಪಶಾಸ್ತ್ರದಲ್ಲಿ ಅದಕ್ಕೂ ಮೊದಲೇ ಸೇರಿತ್ತು. 1985ರ ಜೂನ್ 8 ಮತ್ತು 9ರಂದು ಸ್ವೀಡನ್ನಿನ ಯೋಟೆಬೊರ್ಗ್ ನಗರದ ಉಲ್ಲೆವಿ ಕ್ರೀಡಾಂಗಣದಲ್ಲಿ ಅವನ ಕಚೇರಿಗಳಾದುವು. 1958ರ ವಿಶ್ವ ಕಾಲ್ಚೆಂಡಿನ ಪಂದ್ಯಗಳಿಗೆಂದು ಕಟ್ಟಿದ ಗಟ್ಟಿಮುಟ್ಟಾದ ಅಂಗಣವದು. ಮೈದಾನದಲ್ಲಿ ನಿಂತ ಸಾವಿರಾರು ಜನ ತಾಳಕ್ಕೆ ಸರಿಯಾಗಿ ಜಿಗಿಯತೊಡಗಿದಾಗ ಸುತ್ತಲಿನ ಕಟ್ಟಡ ತೂಗಾಡಿತು. ಚಾವಣಿಯ ತಂತಿಹಗ್ಗಗಳು ಓಲಾಡಿದುವು. ಕಟ್ಟಡಕ್ಕೆ ಹಾನಿಯಾಗಿ ಅನಂತರ ಅದನ್ನು ಬಲಪಡಿಸಬೇಕಾಯಿತು. ಜನ ಕುಣಿದದ್ದು ಮೈದಾನದಲ್ಲಿ, ಅಲುಗಿದ್ದು ಪಕ್ಕದ ಕಟ್ಟಡ! ನಡುವೆ ದೂತನಂತೆ ಕೆಲಸ ಮಾಡಿದ್ದು ಅಡಿಯಲ್ಲಿದ್ದ ಆಳವಾದ ಮೆದು ಜೇಡಿಮಣ್ಣು.

ಜೇಡಿಮಣ್ಣಿನ ಮಾತು ಬಂದಿತೆಂದಮೇಲೆ ನಮ್ಮ ಎರೆಭೂಮಿಯ ವಿಚಾರವನ್ನು ಬಿಡಲಾಗದು. ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ ಕಲಘಟಗಿಯ ಕಡೆ ಸಹ್ಯಾದ್ರಿಯ ಸೆರಗು. ಅಲ್ಲಿ ಕೆಂಪು ನೆಲ, ಜಂಬಿಟ್ಟಿಗೆಯ ಕಲ್ಲು, ಭತ್ತದ ಗದ್ದೆ. ಪೂರ್ವಕ್ಕೆ ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಕಪ್ಪು ಎರೆಮಣ್ಣು. ಹತ್ತಿ, ಬಿಳಿಜೋಳ, ಕಡಲೆಗಳ ತವರು. ಎರೆಮಣ್ಣೆಂದರೆ ಬಸಾಲ್ಟ್ ಶಿಲೆಯ ಕೂಸೆಂದು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ಇಲ್ಲಿ ಅದರಡಿಗೆ ಬಹುಮಟ್ಟಿಗೆ ಇರುವುದು ಇನ್ನೂ ಬಹು ಹಳೆಯದಾದ ಪದರಶಿಲೆ ಮತ್ತು ನೈಸ್ ಶಿಲೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು ಈ ಪದರಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟನು. ಹಾಗಾಗಿ ಧಾರವಾಡವು ಪೇಢೆಯಿಂದಲ್ಲದಿದ್ದರೂ ಕಲ್ಲಿನಿಂದ ಜಗತ್ತಿನ ಭೂವಿಜ್ಞಾನಿಗಳಿಗೆಲ್ಲ ಪರಿಚಿತ.

ಎರೆಮಣ್ಣಿನಲ್ಲಿರುವ ಜೇಡಿಯ ಕಣಗಳು ತೆಳುವಾದ ಹಾಳೆಗಳಂತಿದ್ದು ಹಾಳೆಗಳ ನಡುವೆ ನೀರನ್ನು ಸೇರಿಸಿಕೊಳ್ಳುತ್ತವೆ. ಮಳೆಗಾಲದಲ್ಲಿ ಮಣ್ಣು ಉಬ್ಬಿ ಮೆತ್ತಗಾಗುತ್ತದೆ. ಬೇಸಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಮೆದುವಾದ ನೆಲದಲ್ಲಿ ಅಲೆಗಳು ಮೆಲ್ಲನೆ ನಡೆಯುತ್ತವೆ. ಗಟ್ಟಿ ಶಿಲೆಯಲ್ಲಿ ಅಡ್ಡಕಂಪನದ ಅಲೆಯು ಸೆಕೆಂಡಿಗೆ 2,000 ಮೀಟರಿಗೂ ಮಿಕ್ಕು ಓಡಬಲ್ಲದು; ಮೆದು ಜೇಡಿಯಲ್ಲಿ 100ರಿಂದ 200 ಮೀಟರ್ ಓಡಿದರೆ ಹೆಚ್ಚು. ವೇಗ ತಗ್ಗಿದಲ್ಲಿ, ಅದೇ ಶಕ್ತಿಯನ್ನು ಹೊತ್ತು ಸಾಗಬೇಕಾದರೆ ಅಲೆಯ ಎತ್ತರ ಹೆಚ್ಚಲೇಬೇಕು. ವೇಗವು ಹದಿನಾರರಲ್ಲಿ ಒಂದು ಪಾಲಾದರೆ ಎತ್ತರವು ಸುಮಾರು ನಾಲ್ಕು ಪಟ್ಟಾಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಗಟ್ಟಿ ಬಂಡೆಯ ಮೇಲೆ ಕುಳಿತ ಮೆದುಮಣ್ಣಿನ ಪದರಕ್ಕೆ ತೊಟ್ಟಿಲಿನಂತೆ ತನ್ನದೇ ಆದ ತೂಗುವ ಲಯವೊಂದಿರುತ್ತದೆ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ತೂಗಿದವರಿಗೆ ಗೊತ್ತು: ಅದರ ಲಯವನ್ನರಿತು ಬೆರಳಿನಿಂದ ನೂಕಿದರೂ ತೂಗಾಟ ಬೆಳೆಯುತ್ತದೆ, ಲಯ ತಪ್ಪಿ ನೂಕಿದರೆ ಬಲವೆಲ್ಲ ವ್ಯರ್ಥ. ಇದನ್ನೇ ಪದಾರ್ಥವಿಜ್ಞಾನದಲ್ಲಿ ಅನುರಣನೆ ಎನ್ನುತ್ತೇವೆ. ಪದರದ ಲಯವನ್ನು ತಿಳಿಯುವ ಸೂತ್ರ ಸರಳವಾಗಿದೆ: ಅಲೆಯ ವೇಗವನ್ನು ಪದರದ ದಪ್ಪದ ನಾಲ್ಕರಷ್ಟರಿಂದ ಭಾಗಿಸಬೇಕು. 20 ಮೀಟರ್ ದಪ್ಪದ ಜೇಡಿಯಲ್ಲಿ ಅಲೆಯ ವೇಗ 160 ಮೀಟರ್ ಆದರೆ ಸೆಕೆಂಡಿಗೆ 2 ಸಲ. ಮನುಷ್ಯನು ತಾಳಕ್ಕೆ ಜಿಗಿಯುವುದೂ ಹೆಚ್ಚುಕಡಿಮೆ ಸೆಕೆಂಡಿಗೆ ಎರಡೇ ಸಲ! ಉಲ್ಲೆವಿಯಲ್ಲಿ ಕೂಡಿಬಂದದ್ದು ಇಂಥ ಯೋಗ. ಅದೇ 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರದಲ್ಲಿ ಈ ನಿಯಮವೇ ಘೋರರೂಪ ತಾಳಿತು. ಭೂಕಂಪದ ಮೂಲವು ನೂರಾರು ಕಿಲೋಮೀಟರ್ ದೂರದ ಕರಾವಳಿಯಲ್ಲಿದ್ದರೂ, ಹಳೆಯ ಕೆರೆಯ ಜೇಡಿಯ ಮೇಲೆ ಕಟ್ಟಿದ ನಗರಭಾಗವು ಆ ಜೇಡಿಯ ಲಯಕ್ಕೆ ಸಿಕ್ಕಿ ಕುಸಿದು ಸಾವಿರಾರು ಜನ ಸತ್ತರು.

ಹಾಗಾದರೆ ನವಲಗುಂದದ ಬಯಲಿಗೂ ಉಲ್ಲೆವಿಯ ಗತಿಯೇ? ಅಲ್ಲ. ಎರೆಮಣ್ಣಿನ ಪದರವು ಸಾಮಾನ್ಯವಾಗಿ ತೆಳುವಾದುದು. ಎರಡು ಮೀಟರ್ ದಪ್ಪ, 120 ಮೀಟರ್ ವೇಗ ಎಂದಿಟ್ಟುಕೊಂಡರೆ ಅದರ ಲಯ ಸೆಕೆಂಡಿಗೆ 15 ಸಲ. ಯಾವ ಕುಣಿತಗಾರನೂ ಸೆಕೆಂಡಿಗೆ ಹದಿನೈದು ಸಲ ಜಿಗಿಯಲಾರನು. ಆದುದರಿಂದ ಎರೆಭೂಮಿಯು ಜನರ ತಾಳಕ್ಕೆ ಓಗೊಡದು. ಆದರೆ ಒಂದೊಂದು ಜಿಗಿತದ ಕೊನೆಯಲ್ಲಿಯೂ ‘ಧಪ್’ ಎಂದು ಬೀಳುವ ಪೆಟ್ಟಿನಲ್ಲಿ ಇಂಥ ಶೀಘ್ರಕಂಪನಗಳೂ ಬೆರೆತಿರುತ್ತವೆ. ತೇರಿನ ಗಾಲಿ ಹಳ್ಳಕ್ಕೆ ಇಳಿದಾಗ, ಪೈಲವಾನನು ನೆಲಕ್ಕೆ ಬಿದ್ದಾಗ, ಹತ್ತಿರ ನಿಂತವರ ಅಂಗಾಲಿಗೆ ತಾಗುವ ನಡುಕವು ಮುಖ್ಯವಾಗಿ ಇದೇ. ಅದು ಹುಟ್ಟಿದಲ್ಲಿ ಜೋರು, ನಾಲ್ಕು ಮಾರು ಸಾಗುವುದರಲ್ಲಿ ಸೋತುಹೋಗುತ್ತದೆ. “ನೆಲಾ ನಡುಗಿತು” ಎಂದವನ ಮಾತು ನಿಜ. ಊರೆಲ್ಲ ನಡುಗಿತೆಂದರೆ ಮಾತ್ರ ಅದು ಅಲಂಕಾರ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಇಂದಿನ ಮೊಬೈಲ್ ಫೋನುಗಳೊಳಗೆ ಅಲುಗಾಟವನ್ನು ಅಳೆಯುವ ಪುಟ್ಟ ಸಾಧನವಿದೆ. ಅದರ ಗೆರೆಯನ್ನು ತೋರಿಸುವ ತಂತ್ರಾಂಶಗಳು ಬೆಲೆಯಿಲ್ಲದೆ ದೊರೆಯುತ್ತವೆ. ಫೋನನ್ನು ನೆಲದ ಮೇಲೆ ಚಪ್ಪಟೆಯಾಗಿಟ್ಟು, ಎರಡು ಮೂರು ಹೆಜ್ಜೆ ದೂರದಲ್ಲಿ ಹತ್ತು ಗೆಳೆಯರು ಮೊದಲು ಮನಬಂದಂತೆಯೂ, ಅನಂತರ ಎಣಿಕೆಗೆ ಸರಿಯಾಗಿ ಒಟ್ಟಿಗೆಯೂ ಜಿಗಿಯಲಿ. ಗೆರೆಗಳ ಎತ್ತರವನ್ನು ಹೋಲಿಸಿ. ಅದೇ ಜಾಗದಲ್ಲಿ ಬಿರುಬೇಸಗೆಯಲ್ಲೊಮ್ಮೆ, ಮಳೆ ಹಿಡಿದಮೇಲೊಮ್ಮೆ ಪ್ರಯೋಗ ಮಾಡಿದರೆ ಮಣ್ಣಿನ ಗುಣವೂ ತಿಳಿಯುತ್ತದೆ. ಅಣ್ಣಿಗೇರಿ, ಕುಂದಗೋಳಗಳಂತೆ ರೈಲುಹಾದಿಯಿರುವ ಊರುಗಳಲ್ಲಿ ರೈಲು ಬರದ ಹೊತ್ತನ್ನು ಆರಿಸಿಕೊಳ್ಳಬೇಕು. ಮನುಷ್ಯರ ಇಂಥ ಗದ್ದಲದಿಂದ ದೂರವಿರಲೆಂದೇ, ಭೂಗತ ಪರಮಾಣು ಸ್ಫೋಟಗಳ ಕಂಪನವನ್ನು ಹಿಡಿಯುವ ಯಂತ್ರಗಳ ಸಾಲನ್ನು 1965ರ ಸುಮಾರಿಗೆ ನಗರದಲ್ಲಿ ಇಡದೆ ಗೌರಿಬಿದನೂರಿನ ಬಂಡೆನೆಲದಲ್ಲಿ ಇಟ್ಟರು. 2020ರಲ್ಲಿ ಕೊರೋನಾ ರೋಗದ ಭಯದಿಂದ ಜಗತ್ತೇ ಬಾಗಿಲು ಹಾಕಿಕೊಂಡಾಗ ಹಲವು ಭೂಕಂಪಮಾಪಕಗಳಲ್ಲಿ ಈ ಗದ್ದಲವು ಅರ್ಧದಷ್ಟರವರೆಗೆ ತಗ್ಗಿದ್ದುದು ಕಂಡುಬಂದಿತು.

ಇನ್ನು, ನೆಲಕ್ಕಿಂತ ಹೆಚ್ಚಾಗಿ ನಾವು ಅಂಜಬೇಕಾದುದೊಂದಿದೆ. ಕುಸ್ತಿಗೋ ಕಬಡ್ಡಿಗೋ ಒಂದೆರಡು ದಿನದ ಮಟ್ಟಿಗೆ ಬಿದಿರು, ಬಲ್ಲಿ, ಕಬ್ಬಿಣದ ಕೊಳವೆಗಳಿಂದ ಕಟ್ಟುವ ಗ್ಯಾಲರಿ. ನೆಲಕ್ಕೆ ಹೊಂದದ ಲಯವು ಈ ಹಗುರ ಕಟ್ಟಡಕ್ಕೆ ಹೊಂದಬಲ್ಲದು. ಅಡ್ಡಡ್ಡಲಾಗಿ ಇದು ಸೆಕೆಂಡಿಗೆ ಎರಡು ಮೂರು ಸಲವೇ ತೂಗಾಡುವಂತಿರುವುದುಂಟು. ಜಿಗಿಯುವವನು ನೆಲಕ್ಕೆ ತಾಗುವ ಕ್ಷಣದಲ್ಲಿ ಒತ್ತುವ ಬಲವು ಅವನ ತೂಕದ ಮೂರು ಪಟ್ಟಿಗೂ ಮಿಗಬಹುದು. 1831ರ ಏಪ್ರಿಲ್ 12ರಂದು ಇಂಗ್ಲೆಂಡಿನ ಬ್ರಾಟನ್ ಎಂಬಲ್ಲಿ 74 ಮಂದಿ ಸೈನಿಕರು ಹೆಜ್ಜೆ ಕೂಡಿಸಿ ನಡೆದಾಗ ತೂಗುಸೇತುವೆ ಮುರಿದುಬಿದ್ದ ಕಥೆಯನ್ನು ಹಲವರು ಓದಿರಬಹುದು. ನಮ್ಮಲ್ಲಿಯೇ 2021ರ ಮಾರ್ಚ್ 22ರಂದು ತೆಲಂಗಾಣದ ಸೂರ್ಯಾಪೇಟೆಯಲ್ಲಿ ಕಿರಿಯರ ರಾಷ್ಟ್ರೀಯ ಕಬಡ್ಡಿ ಪಂದ್ಯಾವಳಿಯ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಮರುವರ್ಷದ ಮಾರ್ಚ್ 19ರಂದು ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಾಲ್ಚೆಂಡಿನ ಪಂದ್ಯವೊಂದರ ಗ್ಯಾಲರಿಯೂ ಕುಸಿಯಿತು. ಇವುಗಳಿಗೆ ಕುಣಿತವೇ ಕಾರಣವೆಂದು ನಾವು ಹೇಳುತ್ತಿಲ್ಲ. ಹೊರಲಾರದಷ್ಟು ಜನ ಏರಿದರೆ ಅಷ್ಟೇ ಸಾಕಾಗುತ್ತದೆ. ಎರೆಭೂಮಿಯಲ್ಲಿಯಂತೂ ಇನ್ನೊಂದು ಅಪಾಯವಿದೆ. ಒಣಗಿದಾಗ ಕಲ್ಲಿನಂತೆ ಹಿಡಿದುಕೊಳ್ಳುವ ಮಣ್ಣು ಅಕಾಲದ ಒಂದು ಮಳೆಗೆ ಮೆತ್ತಗಾಗಿ ಕಂಬವೊಂದು ನಾಲ್ಕು ಬೆರಳು ಇಳಿದರೂ ಅದರ ಭಾರ ಪಕ್ಕದ ಕಂಬಗಳ ಮೇಲೆ ಬೀಳುತ್ತದೆ. ಆಗ ಕಂಬದ ಬುಡಕ್ಕೆ ಅಗಲವಾದ ಹಲಗೆ ಹಾಸಿದ್ದರೆ ಒತ್ತಡ ಹಂಚಿಹೋಗುತ್ತದೆ. ಕಂಬಗಳ ನಡುವೆ ಮೂಲೆಯಿಂದ ಮೂಲೆಗೆ ಓರೆಗಟ್ಟುಗಳನ್ನು ಬಿಗಿದಿದ್ದರೆ ಕಟ್ಟಡ ಬಿರುಸಾಗಿ ಅದರ ಲಯ ಕುಣಿತದ ಲಯಕ್ಕಿಂತ ಮೇಲೆ ಹೋಗುತ್ತದೆ. ನೆಟ್ಟಗಿನ ಮತ್ತು ಅಡ್ಡಗಿನ ಬೊಂಬುಗಳಷ್ಟೇ ಇದ್ದು ಓರೆಗಟ್ಟು ಒಂದೂ ಕಾಣದ ಗ್ಯಾಲರಿಯನ್ನು ಏರದಿರುವುದು ಲೇಸು.

ಕಾಲ ಕೆಳಗಿನ ಹಲಗೆ ತಾಳಕ್ಕೆ ಸರಿಯಾಗಿ ಓಲಾಡತೊಡಗಿ ಓಲಾಟವು ಹೆಚ್ಚುತ್ತ ಹೋದರೆ ಮೊದಲು ಮಾಡಬೇಕಾದುದು ಕುಣಿತವನ್ನು ನಿಲ್ಲಿಸಿ ಕುಳಿತುಕೊಳ್ಳುವುದು. ಒಮ್ಮೆಗೇ ಇಳಿಯಲು ನುಗ್ಗಿದರೆ ಭಾರವೆಲ್ಲ ಒಂದೇ ಕಡೆ ಸೇರುತ್ತದೆ. ಸುಮ್ಮನೆ ಕುಳಿತ ಮನುಷ್ಯನ ದೇಹವು ಹತ್ತಿಯ ಮೂಟೆಯಂತೆ ಕಂಪನವನ್ನು ಹೀರಿಕೊಳ್ಳುವುದೆಂದೂ, ಪ್ರೇಕ್ಷಕರು ಕುಳಿತಿರುವ ಗ್ಯಾಲರಿಯ ಅಲುಗಾಟವು ಬರಿಯ ಗ್ಯಾಲರಿಯದಕ್ಕಿಂತ ಬೇಗನೆ ಅಡಗುವುದೆಂದೂ ಎಂಜಿನಿಯರುಗಳು ಅಳತೆ ಮಾಡಿ ಕಂಡುಕೊಂಡಿದ್ದಾರೆ.